ಉಳಿದ ಇಂಜೆಕ್ಷನ್ನಿನ ದಾಸೋಹ

ಶಿವನು ಈ ಲೋಕದಲ್ಲಿ ಯಾರನ್ನೂ ಕೆಲಸವಿಲ್ಲದಂತೆ ಇಟ್ಟಿಲ್ಲ. ಬಿತ್ತುವವನನ್ನು ಇಟ್ಟ, ಬೆಳೆದದ್ದನ್ನು ಅಳೆಯುವವನನ್ನು ಇಟ್ಟ, ಅಳೆಯುವಾಗ ನೆಲಕ್ಕೆ ಬಿದ್ದ ಕಾಳನ್ನು ಹೆಕ್ಕಲು ಗುಬ್ಬಿಯನ್ನೂ ಇಟ್ಟ. ಹಾಗೆಯೇ ಅಮೇರಿಕದ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ಹಾಕಿದ ಮೇಲೆ ಸೀಸೆಯ ತಳದಲ್ಲಿ ಉಳಿಯುವ ಔಷಧದ ಸಲುವಾಗಿ ಪುಣೆಯ ಚಿಂಚವಾಡದಲ್ಲಿ ಸಿದ್ದಾರೂಢನನ್ನು ಇಟ್ಟ. ಎಲ್ಲಿಯ ಸೀಸೆ, ಎಲ್ಲಿಯ ಸಿದ್ದಾರೂಢ. ಅವನ ಲೀಲೆಯನ್ನು ಕೇಳಲು ನಾವು ಯಾರು.

ಸಿದ್ದಾರೂಢನ ಕೆಲಸವನ್ನು ಯಾರು ಬೇಕಾದರೂ ನಾಲ್ಕು ಮಾತಿನಲ್ಲಿ ಹೇಳಬಹುದಿತ್ತು, ಸಿದ್ದಾರೂಢನೊಬ್ಬನನ್ನು ಬಿಟ್ಟು. ಕೆಲವು ಇಂಜೆಕ್ಷನ್ನುಗಳು ಒಬ್ಬ ರೋಗಿಗೆಂದೇ ಮುಚ್ಚಿದ ಪುಟ್ಟ ಸೀಸೆಯಲ್ಲಿ ಬರುತ್ತವೆ. ರೋಗಿ ತೆಳ್ಳಗಿದ್ದರೆ ಅರ್ಧ ಸೀಸೆ ಸಾಕಾಗುತ್ತದೆ. ಮಿಕ್ಕ ಅರ್ಧವನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ, ಚೆಲ್ಲಬೇಕು. ಬಿಲ್ಲು ಬರೆಯುವಾಗ ರೋಗಿಗೆ ಹಾಕಿದ್ದು ಒಂದು ಸಾಲಿನಲ್ಲಿ, ಚೆಲ್ಲಿದ್ದು ಇನ್ನೊಂದು ಸಾಲಿನಲ್ಲಿ ಬರಬೇಕು. ಚೆಲ್ಲಿದ ಸಾಲಿನ ಮುಂದೆ ಎರಡಕ್ಷರದ ಒಂದು ಗುರುತು ಬೀಳಬೇಕು. ಏನೂ ಉಳಿಯದಿದ್ದರೆ ಸುಮ್ಮನಿರುವಂತಿಲ್ಲ, ಏನೂ ಉಳಿದಿಲ್ಲ ಎಂಬುದಕ್ಕೂ ಬೇರೊಂದು ಗುರುತುಂಟು. ಗುರುತಿಲ್ಲದ ಬಿಲ್ಲು ವಿಮೆಯವರ ಬಾಗಿಲಿನಿಂದ ಹೋದ ಹಾಗೆಯೇ ಹಿಂದಿರುಗುತ್ತದೆ. ಹಿಂಜವಡಿಯ ಒಂದು ಕಂಪನಿಯಲ್ಲಿ ಕುಳಿತು, ವಾರದಲ್ಲಿ ಅರ್ಧ ದಿನಗಳು ಮನೆಯಲ್ಲೇ ಕುಳಿತು, ಈ ಗುರುತುಗಳನ್ನು ಹಾಕುವವನೇ ನಮ್ಮ ಸಿದ್ದಾರೂಢ.

ಮದುವೆಯ ಮಾತು ನಡೆದಾಗ ಮಧ್ಯಸ್ಥರು ಇಷ್ಟೆಲ್ಲ ಹೇಳಲಿಲ್ಲ. "ಹುಡುಗ ಮೆಡಿಕಲ್ ಲೈನಿನ್ಯಾಗ ಅದಾನ" ಎಂದರು. ರೋಣದ ಕಡೆಯ ಒಂದು ಹಳ್ಳಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ಅವನ ಅತ್ತೆ ಬಸವಣ್ಣೆವ್ವ ಊರೆಲ್ಲ ಅದನ್ನೇ ಹೇಳಿಕೊಂಡು ಬಂದರು. ಹಬ್ಬಕ್ಕೆ ಅಳಿಯ ಬಂದಾಗ ಓಣಿಯ ಜನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ನಾಲಿಗೆ ಹೊರಚಾಚಿ ತೋರಿಸುತ್ತಿದ್ದರು. ಸಿದ್ದಾರೂಢ ಒಂದೊಂದನ್ನೂ ಗಂಭೀರವಾಗಿ ನೋಡಿ, "ನೀರು ಭಾಳ ಕುಡೀರಿ" ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನಿದೆ? ನೀರು ಕುಡಿದು ಕೆಟ್ಟವರನ್ನು ನಾವು ಕಂಡಿಲ್ಲ.

ಹೀಗಿರುವಾಗ ಬಸವಣ್ಣೆವ್ವ ಮೊಣಕಾಲ ನೋವಿನ ಸಲುವಾಗಿ ಮಗಳ ಮನೆಗೆ ಪುಣೆಗೆ ಬಂದರು. ಅಳಿಯ ಆಸ್ಪತ್ರೆಗೆ ಹೊರಡುವುದನ್ನು ನೋಡಬೇಕೆಂದು ಬೆಳಿಗ್ಗೆಯೇ ಸ್ನಾನ ಪೂಜೆ ಮುಗಿಸಿ, ವಿಭೂತಿ ಧರಿಸಿ, ಸೋಫಾದ ತುದಿಯಲ್ಲಿ ಕುಳಿತರು. ಅಳಿಯ ಬನಿಯನ್ನಿನ ಮೇಲೊಂದು ಶರಟು ಹಾಕಿಕೊಂಡು, ಕೆಳಗೆ ಲುಂಗಿಯಲ್ಲೇ ಮಲಗುವ ಕೋಣೆಗೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ಮಧ್ಯಾಹ್ನವಾದರೂ ಏಳಲಿಲ್ಲ. ಬಸವಣ್ಣೆವ್ವ ಮಗಳು ಮಾಧುರಿಯನ್ನು ಅಡುಗೆಮನೆಗೆ ಕರೆದು ವಿಚಾರಿಸಿದರು. ಮಾಧುರಿ ಸತ್ಯವಂತೆ. ಇಂಜೆಕ್ಷನ್ ಹಾಕಿ ಉಳಿದದ್ದನ್ನು ಚೆಲ್ಲುತ್ತಾರಲ್ಲ, ಅದನ್ನು ಬರೆದುಕೊಳ್ಳುವುದೇ ಇವರ ಕೆಲಸ ಎಂದು ಹೇಳಿ ರೊಟ್ಟಿ ತಟ್ಟಲು ಕುಳಿತಳು.

ಬಸವಣ್ಣೆವ್ವ ಹುಟ್ಟಿದ ಮನೆತನದಲ್ಲಿ ತಾಟಿನಲ್ಲಿ ಅಗುಳು ಬಿಟ್ಟವರಿಲ್ಲ. ಅವರಿಗೆ ಅನ್ನವೆಂದರೆ ಪ್ರಸಾದ. ಉಂಡ ಮೇಲೆ ತಾಟನ್ನು ತೊಳೆದು ಆ ನೀರನ್ನು ಕುಡಿಯುತ್ತಾರೆ. ಕುಡಿದ ಮೇಲೆ ತಾಟನ್ನು ಮುಸುರೆಗೆ ಹಾಕಬೇಕೋ ದೇವರ ಮುಂದೆ ಇಡಬೇಕೋ ಎಂದು ನೋಡುವವರಿಗೆ ಅನುಮಾನವಾಗುವಷ್ಟು ಅದು ಹೊಳೆಯುತ್ತದೆ. ಅಂಥವರು ಊಟಕ್ಕೆ ಕುಳಿತ ಅಳಿಯನನ್ನು ಬಹಳ ಹೊತ್ತು ನೋಡಿದರು.

"ಅಳಿಯಾರ, ಚೆಲ್ಲಿದ್ದನ್ನ ಬರಕೊಳ್ಳಾಕ ಪಗಾರ ಕೊಡ್ತಾರ?"

"ಹೌದ್ರಿ ಅತ್ತಿಯಾರ."

"ಏನೂ ಚೆಲ್ಲದಿದ್ರ?"

"ಚೆಲ್ಲಿಲ್ಲ ಅಂತ ಬರೀಬೇಕ್ರಿ. ಇಲ್ಲಾಂದ್ರ ಅವರು ನಂಬಂಗಿಲ್ಲ."

"ಏನೂ ಬಿಡದ ಉಂಡಾಂವ ಬಾಯಿಲೆ ಹೇಳಬೇಕೇನ್ರಿ? ತಾಟ ಹೇಳ್ತದ."

ಅಂದಿನಿಂದ ಸಿದ್ದಾರೂಢನ ದೆಸೆ ಬದಲಾಯಿತು. ಲಿಫ್ಟಿನಲ್ಲಿ ಸಿಕ್ಕವರು ನಿಮ್ಮ ಅಳಿಯ ಏನು ಮಾಡುತ್ತಾರೆ ಎಂದು ಕೇಳಿದರೆ ಬಸವಣ್ಣೆವ್ವ ಅತ್ಯಂತ ಗೌರವದಿಂದ, ಬಹುವಚನದಲ್ಲೇ, "ಅಮೇರಿಕಾದ್ ಮುಸುರಿ ಬರಕೋತಾರ್ರಿ" ಎನ್ನತೊಡಗಿದರು. ಮರಾಠಿಯವರಿಗೂ ಅರ್ಥವಾಗಲೆಂದು ಕೈಯಿಂದ ಬಕೇಟು ಬೋರಲು ಹಾಕಿ ತೋರಿಸುತ್ತಿದ್ದರು. ಮೂರನೆಯ ಮಹಡಿಯವರೊಬ್ಬರು ಸಿದ್ದಾರೂಢನನ್ನು ಕಂಡು ತಮ್ಮ ಮನೆಯ ಒಣ ಕಸ, ಹಸಿ ಕಸದ ಬಗ್ಗೆ ಸಲಹೆ ಕೇಳಿದರು. ಅವನಿಗೆ ಅನ್ನ ರುಚಿಸದಾಯಿತು. ಆದರೂ ಉಳಿಸುವಂತಿಲ್ಲ, ಎದುರಿಗೆ ಅತ್ತೆ.

ಚಿಂಚವಾಡದಲ್ಲಿ ನಮ್ಮ ಕಡೆಯವರದೊಂದು ಶರಣ ಮಂಡಳವಿದೆ. ತಿಂಗಳಿಗೊಮ್ಮೆ ರವಿವಾರ ಅಲ್ಲಿ ಪ್ರಾರ್ಥನೆ, ಪ್ರಸಾದ. ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ ತಂದರೆ ಇನ್ನೊಬ್ಬರು ಶೇಂಗಾ ಚಟ್ನಿ ತರುತ್ತಾರೆ. ಏನೂ ಇಲ್ಲದವರು ನಾಲ್ಕು ಮೆಣಸಿನಕಾಯಿಯಾದರೂ ಒಪ್ಪಿಸಿ ಸಾಲಿನಲ್ಲಿ ಕೂರುತ್ತಾರೆ. ದಾಸೋಹವೆಂದರೆ ಹಾಗೆಯೇ, ಉಣ್ಣುವವನೇ ನೀಡುವವನು. ಮಂಡಳದ ಅಧ್ಯಕ್ಷರು ಫಕೀರಪ್ಪನವರು. ಪಿಂಪ್ರಿಯ ಪೇಟೆಯಲ್ಲಿ ಇಳಕಲ್ ಸೀರೆಯ ವ್ಯಾಪಾರ. ಸೀರೆ ಬಿಚ್ಚಿ ಹಾಸುವವರು ಮಾತನ್ನೂ ಹಾಗೆಯೇ ಹಾಸುತ್ತಾರೆ. ಮಡಚುವ ಕೆಲಸ ಬೇರೆಯವರಿಗೆ.

ಆ ರವಿವಾರದ ಪಂಕ್ತಿಯಲ್ಲಿ ಫಕೀರಪ್ಪನವರು ಬಸವಣ್ಣೆವ್ವನವರ ಯೋಗಕ್ಷೇಮ ವಿಚಾರಿಸಿ, ಅಳಿಯಂದಿರ ಉದ್ಯೋಗದ ಮಾತು ತೆಗೆದರು. ಬಸವಣ್ಣೆವ್ವ ಬಕೇಟಿನ ಅಭಿನಯಕ್ಕೆ ಕೈ ಎತ್ತಿದರು. ಪಂಕ್ತಿಯುದ್ದಕ್ಕೂ ಕುಳಿತವರು ಉಣ್ಣುವುದನ್ನು ಬಿಟ್ಟು ಇತ್ತ ತಿರುಗಿದರು. ಮನುಷ್ಯನ ಬಾಯಿಂದ ದೊಡ್ಡ ಮಾತುಗಳು ಹೊರಡುವುದು ಇಂಥ ಗಳಿಗೆಯಲ್ಲೇ.

"ಅಧ್ಯಕ್ಷರ, ನನ್ನ ಕೈಯಿಂದ ಗುರುತು ಬೀಳದ ಹೊರ್ತು ಅಮೇರಿಕಾದಾಗ ಒಂದು ಹನಿ ಇಂಜೆಕ್ಷನ್ ಚೆಲ್ಲಂಗಿಲ್ಲ" ಎಂದ ಸಿದ್ದಾರೂಢ. ಎಂದವನೇ, ಮಾತಿನ ಭಾರಕ್ಕೆ ತಕ್ಕಂತೆ, ಈಗಷ್ಟೇ ಬಡಿಸಿದ ಗೋಧಿ ಹುಗ್ಗಿಯನ್ನು ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕಿಕೊಂಡ.

ಬಸವಣ್ಣೆವ್ವನ ಕೈ ಗಾಳಿಯಲ್ಲೇ ನಿಂತಿತು. ಫಕೀರಪ್ಪನವರು ಮುಂದಕ್ಕೆ ಬಾಗಿ, "ಹಂಗಾರ ನೀವು ಚೆಲ್ಲಗೊಡದ ಔಷಧ ಎಲ್ಲಿಗೆ ಹೋಗ್ತದ್ರಿ?" ಎಂದು ಕೇಳಿದರು.

ಹುಗ್ಗಿ ಕುದಿಯುತ್ತಿತ್ತು. ಬೆಲ್ಲ ತುಪ್ಪದ ಹುಗ್ಗಿ ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ. ಉಗುಳಿದರೆ ಪ್ರಸಾದಕ್ಕೆ ಅಪಚಾರ, ಅದೂ ಅತ್ತೆಯ ಎದುರಿಗೆ. ಸಿದ್ದಾರೂಢ ಕಣ್ಣು ಮುಚ್ಚಿ ನುಂಗಿದ. ಅದು ಎದೆಗುಂಟ ಸುಡುತ್ತ ಇಳಿಯುವಾಗ ಅವನ ಬಲಗೈ ತಾನಾಗಿ ಎದೆಯ ಮೇಲೆ ಹೋಗಿ ಕುಳಿತಿತು. ಕಣ್ಣಂಚಿನಲ್ಲಿ ಎರಡು ಹನಿ ನೀರೂ ಕಾಣಿಸಿಕೊಂಡವು.

ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಎದೆ ಮುಟ್ಟಿ ತೋರಿಸಿದನಲ್ಲ, ಪಂಕ್ತಿಗೆ ಪಂಕ್ತಿಯೇ ಕಂಡಿತು. ಉಳಿದ ಔಷಧವೆಲ್ಲ ಇವನ ಬಳಿಗೇ ಬರುತ್ತದೆ. ಹೇಳಿಕೊಳ್ಳಲು ಸಂಕೋಚ, ಕಣ್ಣಲ್ಲಿ ನೀರು ಬೇರೆ. ಎಷ್ಟು ದೊಡ್ಡ ಜೀವ.

ಸಿದ್ದಾರೂಢನಿಗೆ ಬಾಯಿ ಬರುವಷ್ಟರಲ್ಲಿ ಮಾತು ಚಟ್ನಿಯ ಜೊತೆಗೆ ಪಂಕ್ತಿಯ ಕೊನೆ ಮುಟ್ಟಿತ್ತು. ಅವನು ಹಾಗಲ್ಲರೀ, ನನ್ನ ಹತ್ತಿರ ಏನೂ ಇಲ್ಲರೀ ಎಂದು ಎದ್ದು ನಿಂತು ಹೇಳಿದ. ಫಕೀರಪ್ಪನವರು ಪಕ್ಕದವರಿಗೆ, "ಇದ್ದವರು ಹಿಂಗ ಅಂತಾರ ನೋಡ್ರಿ" ಎಂದು ವಿವರಿಸಿದರು.

ಆ ಸಂಜೆ ಬಸವಣ್ಣೆವ್ವನ ಕೈಯಿಂದ ಅಳಿಯನ ಚಹಾಕ್ಕೆ ಯಾಲಕ್ಕಿ ಬಿದ್ದಿತ್ತು. ಸಿದ್ದಾರೂಢ ಒಂದು ಗುಟುಕು ಕುಡಿದ. ಇವತ್ತೊಂದು ದಿನ ಹೋಗಲಿ, ನಾಳೆ ಹೇಳಿದರಾಯಿತು ಎಂದುಕೊಂಡ. ಯಾಲಕ್ಕಿಯ ಋಣ ಬಹಳ ಕೆಟ್ಟದ್ದು.

ಮರುದಿನದಿಂದ ಬಾಗಿಲ ಗಂಟೆ ಸದ್ದು ಮಾಡತೊಡಗಿತು. ಮೊದಲು ಬಂದವನು ಮೂಲೆಯ ಹೋಟೆಲಿನ ಸುಂದರ. ಕುಂದಾಪುರದ ಕಡೆಯವನು, ಒಳ್ಳೆಯ ಇಡ್ಲಿ, ಒಳ್ಳೆಯ ಮನಸ್ಸು. "ನಮ್ಮ ಅಡುಗೆ ಭಟ್ರಿಗೆ ಸೊಂಟ ಹಿಡಿದು ಹಾಕಿದೆ ಮಾರಾಯ್ರೆ. ಸೊಂಟದ್ದು ಉಳಿದದ್ದು ಒಂಚೂರು ಇದ್ರೆ ನೋಡಿ" ಎಂದು ಸ್ಟೀಲಿನ ಡಬ್ಬಿಯಲ್ಲಿ ಉದ್ದಿನ ವಡೆ ಇಟ್ಟುಹೋದ. ಆಮೇಲೆ ಮೂರನೆಯ ಮಹಡಿಯವರು ಬಂದು, ನಮಗೆ ಇಂಥದೇ ಬೇಕೆಂದಿಲ್ಲ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸಾಕು ಎಂದರು. ಒಬ್ಬ ನಿವೃತ್ತ ಗುಮಾಸ್ತರಿಗೆ ಯಾವ ರೋಗವೂ ಇರಲಿಲ್ಲ. ಆದರೂ ಉಳಿದು ಹಾಳಾಗುವುದಾದರೆ ತಾವು ಒಂದೆರಡು ಚುಚ್ಚಿಸಿಕೊಳ್ಳಲು ಸಿದ್ಧ ಎಂದು ತೋಳು ಮಡಚಿ ತೋರಿಸಿದರು. ಸಿದ್ದಾರೂಢ ಇಲ್ಲ ಎಂದಷ್ಟೂ ಅವರ ಭಕ್ತಿ ಹೆಚ್ಚಿತು. ಬಸವಣ್ಣೆವ್ವ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅವರಿಗೆ ಒಂದೇ ಸಂಕಟ. ಇಷ್ಟು ಜನ ಬೇಡುತ್ತಾರೆ, ಅಳಿಯ ಇಲ್ಲವೆನ್ನುತ್ತಾನೆ. ಇದ್ದೂ ಇಲ್ಲವೆನ್ನುವುದು ಅವರ ಮನೆತನದಲ್ಲಿ ನಡೆದುಬಂದದ್ದಲ್ಲ. ಬಹಳ ಯೋಚಿಸಿದಾಗ ಅವರಿಗೆ ಅಳಿಯನ ಮನಸ್ಸು ತಿಳಿಯಿತು: ಒಬ್ಬೊಬ್ಬರಿಗೆ ಕೊಟ್ಟರೆ ಭೇದವಾಗುತ್ತದೆ, ಪಂಕ್ತಿಯಲ್ಲಿ ಕೊಡಬೇಕು. ಮಂಡಳದ ವಾರ್ಷಿಕ ದಾಸೋಹ ಸಮೀಪಿಸಿತ್ತು. ಅದರ ತಯಾರಿಯ ಸಭೆಯಲ್ಲಿ, ಯಾರ ಅಪ್ಪಣೆಯನ್ನೂ ಕಾಯದೆ, ಬಸವಣ್ಣೆವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತರು.

"ಈ ಸಲದ ದಾಸೋಹದಾಗ ಉಳಿದ ಔಷಧದ ದಾಸೋಹ ಆಗ್ತದ. ನನ್ನ ಅಳಿಯಾರು ನಡಸ್ತಾರ. ಇದು ಸುಳ್ಳಾದ್ರ ನಾನು ಅವರ ಮನ್ಯಾಗ ನೀರ ಮುಟ್ಟಂಗಿಲ್ಲ, ಆ ಹೊಸ್ತಲ ತುಳ್ಯಂಗಿಲ್ಲ."

ಮನೆಗೆ ಬಂದು ಮಾಧುರಿ ಬಾಗಿಲು ಹಾಕಿಕೊಂಡು ಅತ್ತಳು. ಅವ್ವನ ಮಾತು ಆಕೆಗೆ ಗೊತ್ತು. ಹಿಂದೊಮ್ಮೆ ಒಂದು ಬದನೆಕಾಯಿಯ ವಿಷಯಕ್ಕೆ ಒಡಹುಟ್ಟಿದ ತಮ್ಮನ ಹೊಸ್ತಿಲು ತುಳಿಯುವುದಿಲ್ಲವೆಂದವರು ತುಳಿಯದೆಯೇ ಉಳಿದಿದ್ದರು. ತಮ್ಮನ ಮಕ್ಕಳ ಮದುವೆಯನ್ನು ಎದುರು ಮನೆಯ ಮಾಳಿಗೆಯಿಂದ ಅಕ್ಷತೆ ಎಸೆದು ಮುಗಿಸಿದ್ದರು. "ನನಗ ತವರಮನಿ ಅಂದ್ರ ಆಕಿ ಒಬ್ಬಾಕಿ. ಖರೇ ಏನದ ಅದನ್ನ ಹೋಗಿ ಹೇಳಿ ಬರ್ರಿ" ಎಂದಳು ಗಂಡನಿಗೆ.

ಅತ್ತೆಗೆ ಹೇಳುವ ಧೈರ್ಯ ಸಿದ್ದಾರೂಢನಿಗೆ ಇರಲಿಲ್ಲ. ಫಕೀರಪ್ಪನವರಿಗೆ ಹೇಳಿ ಅವರಿಂದ ಹೇಳಿಸುವುದು ಎಂದು ನಿರ್ಧರಿಸಿ, ದಾರಿಯುದ್ದಕ್ಕೂ ವಾಕ್ಯವನ್ನು ಬಾಯಿಪಾಠ ಮಾಡುತ್ತ ಪಿಂಪ್ರಿಗೆ ಹೋದ. ಅಂಗಡಿಯಲ್ಲಿ ಫಕೀರಪ್ಪನವರು ಗಾದಿಯ ಮೇಲೆ ಒಂದು ದೊಡ್ಡ ಬ್ಯಾನರನ್ನು ಸೀರೆಯಂತೆಯೇ ಬಿಚ್ಚಿ ಹಾಸಿದ್ದರು. ಮೇಲೆ ಕನ್ನಡ, ಕೆಳಗೆ ಮರಾಠಿ: ಉಳಿದ ಇಂಜೆಕ್ಷನ್ನುಗಳ ಮಹಾ ದಾಸೋಹ. ನಡುವೆ ಕೈ ಮುಗಿದು ನಿಂತ ಸಿದ್ದಾರೂಢನ ಚಿತ್ರ. ಹೆಸರಿನ ಮೊದಲಿಗೆ 'ಡಾ.' ಎಂದಿತ್ತು. ತಳದಲ್ಲಿ, ಮಂಡಳದ ಎಲ್ಲ ಪತ್ರಿಕೆಗಳಲ್ಲೂ ತಪ್ಪದೆ ಬರುವ ಸಾಲು: ಭಕ್ತರು ಯಥಾಶಕ್ತಿ ದಾಸೋಹಕ್ಕೆ ಒಪ್ಪಿಸಿ ಕೃತಾರ್ಥರಾಗಬೇಕು.

ಸಿದ್ದಾರೂಢ ಬಾಯಿಪಾಠದ ವಾಕ್ಯಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಫಕೀರಪ್ಪನವರು, "ಮೀಸಿ ಸ್ವಲ್ಪ ತೆಳ್ಳಗ ಬಂದಾವ ಅನಸ್ತದ. ಹೆಂಗ ಮಾಡೂಣು?" ಎಂದರು. ಅವನು ನೋಡಿದ. ಹೌದು, ಮೀಸೆ ತೆಳ್ಳಗೆ ಬಂದಿತ್ತು. ಸತ್ಯ ಹೇಳಲು ಹೊರಟವನಿಗೆ ದೇವರು ಅಡ್ಡ ಬರುವುದಿಲ್ಲ, ಮೀಸೆ ಬರುತ್ತದೆ. ಅರ್ಧ ಗಂಟೆಯ ಮೇಲೆ ಅಂಗಡಿಯಿಂದ ಇಳಿದಾಗ ಅವನು ಸಾಧಿಸಿದ್ದು ಎರಡು: ಮೀಸೆ ದಪ್ಪವಾಗಿತ್ತು, ಮತ್ತು 'ಡಾ.' ಹೋಗಿತ್ತು. ಒಂದು ಹಿಡಿಯಷ್ಟಾದರೂ ಸತ್ಯ ಉಳಿಸಿದೆನೆಂದು ಅವನಿಗೆ ಸಮಾಧಾನ.

ಬ್ಯಾನರು ಸುಂದರನ ಹೋಟೆಲಿನ ಎದುರಿಗೇ ಕಟ್ಟಲ್ಪಟ್ಟಿತು. ಆ ಹೋಟೆಲಿಗೆ ದಿನಾ ಇಡ್ಲಿಗೆ ಬರುವವರಲ್ಲಿ ವರದಾ ಕೇತಕರ ಎಂಬ ಅಧಿಕಾರಿಣಿ ಒಬ್ಬರು. ಔಷಧದ ಅಂಗಡಿಗಳನ್ನು ತಪಾಸಣೆ ಮಾಡುವುದು ಅವರ ಉದ್ಯೋಗ. ಸುಂದರನಿಗೆ ಒಂದು ಒಳ್ಳೆಯ ವಿಚಾರ ಹೊಳೆಯಿತು. ಕಾರ್ಯಕ್ರಮಕ್ಕೆ ಒಬ್ಬ ಮುಖ್ಯ ಅತಿಥಿ ಬೇಕಲ್ಲ, ಔಷಧದ ವಿಷಯ, ಔಷಧದವರೇ ಇದ್ದರೆ ಶೋಭೆ. ಅವನು ಸಾಂಬಾರು ಸುರಿಯುತ್ತ ಮರಾಠಿಯಲ್ಲಿ ಆಮಂತ್ರಣ ಕೊಟ್ಟು, ಹೊರಗಿನ ಬ್ಯಾನರನ್ನು ಬೆರಳಿನಿಂದ ತೋರಿಸಿದ. ವರದಾ ಮೇಡಮ್ ಓದಿದರು. ಇನ್ನೊಮ್ಮೆ ಓದಿದರು. ಇಡ್ಲಿ ಗಂಟಲಲ್ಲಿ ನಿಂತದ್ದರಿಂದ ನೀರು ಕುಡಿದರು. ಖಂಡಿತ ಬರುತ್ತೇನೆ, ಇಬ್ಬರು ಸಹಾಯಕರನ್ನೂ ಜೀಪನ್ನೂ ಕರೆದುಕೊಂಡೇ ಬರುತ್ತೇನೆ ಎಂದರು. ಎಷ್ಟು ಅಭಿಮಾನ ಎಂದು ಸುಂದರ ಆ ದಿನದ ಇಡ್ಲಿಗೆ ಹಣ ತೆಗೆದುಕೊಳ್ಳಲಿಲ್ಲ.

ದಾಸೋಹದ ದಿನ ಬಂತು. ಮಂಡಳದ ಸಭಾಂಗಣದಲ್ಲಿ ಬಾಳೆಕಂಬ, ಮಾವಿನ ತೋರಣ. ಒಂದು ಕಡೆ ಹುಗ್ಗಿಯ ಕೊಪ್ಪರಿಗೆ, ಬದನೆಕಾಯಿ ಪಲ್ಯ. ಇನ್ನೊಂದು ಕಡೆ ವೇದಿಕೆಯ ಮೇಲೆ ಒಂದು ಉದ್ದನೆಯ ಮೇಜು. ಅದರ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಏನೂ ಇಲ್ಲ. ಆ ಏನೂ ಇಲ್ಲದರ ಹಿಂದೆ ಸಿದ್ದಾರೂಢ ಹೊಸ ಜುಬ್ಬಾದಲ್ಲಿ ನಿಂತಿದ್ದ. ಬೆವರಿಗೆ ಹಣೆಯ ವಿಭೂತಿ ಕರಗಿ ಮೂಗಿನ ಗುಂಟ ಇಳಿಯುತ್ತಿತ್ತು. ವೇದಿಕೆಯ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಬಸವಣ್ಣೆವ್ವ ಕುಳಿತಿದ್ದರು. ಅವರ ಪಕ್ಕದಲ್ಲಿ ಗಂಟು ಕಟ್ಟಿದ ಅವರ ಚೀಲ. ಮಾತು ನಡೆದರೆ ಅದು ಮಗಳ ಮನೆಗೆ ಹಿಂದಿರುಗುತ್ತದೆ, ನಡೆಯದಿದ್ದರೆ ಅಲ್ಲಿಂದಲೇ ಗದಗಿನ ಬಸ್ಸು. ಮಾಧುರಿ ಆ ಚೀಲದಿಂದ ಕಣ್ಣು ಕೀಳಲಿಲ್ಲ.

ವೇದಿಕೆಯಿಂದ ಬಾಗಿಲಿನವರೆಗೆ, ಬಾಗಿಲಿನಿಂದ ರಸ್ತೆಯವರೆಗೆ ಜನರ ಸಾಲು ಬೆಳೆದಿತ್ತು. ಪಿಂಪ್ರಿಯವರು, ನಿಗಡಿಯವರು, ಕುರಕುಂಭದ ಕಾರ್ಖಾನೆಯಿಂದ ರಜೆ ಹಾಕಿ ಬಂದವರು. ಎಲ್ಲರ ಕೈಯಲ್ಲೂ ಒಂದೊಂದು ಚೀಲ. ತುಂಬಿಕೊಂಡು ಹೋಗಲು ಚೀಲ ಬೇರೆ ತಂದಿದ್ದಾರೆ ಎಂದುಕೊಂಡ ಸಿದ್ದಾರೂಢ ಖಾಲಿ ಮೇಜಿನ ಬಟ್ಟೆಯ ಸುಕ್ಕು ತೀಡತೊಡಗಿದ.

ಆಗ ಜೀಪು ಬಂದು ನಿಂತಿತು. ಫಕೀರಪ್ಪನವರು ಹಾರ ಹಿಡಿದು ಓಡಿದರು. ವರದಾ ಮೇಡಮ್ ಹಾರಕ್ಕೆ ಕೊರಳೊಡ್ಡದೆ ನೇರವಾಗಿ ವೇದಿಕೆ ಏರಿ, "ಔಷಧಂ ಕುಠೇ ಆಹೇತ?" ಎಂದು ಕೇಳಿದರು. ಔಷಧಗಳು ಎಲ್ಲಿ ಎಂದು.

"ನಾಹೀತ, ಮೇಡಮ್" ಎಂದ ಸಿದ್ದಾರೂಢ. ಇಲ್ಲವೆಂಬ, ಇಷ್ಟು ದಿನ ಯಾರೂ ನಂಬದ ಮಾತು. ಅವರೂ ನಂಬಲಿಲ್ಲ. ಸಹಾಯಕರು ಮೇಜಿನ ಬಟ್ಟೆ ಎತ್ತಿ ನೋಡಿದರು, ಹುಗ್ಗಿಯ ಕೊಪ್ಪರಿಗೆಯಲ್ಲಿ ಸೌಟು ಆಡಿಸಿ ನೋಡಿದರು. ನೋಡಿದ ಸೌಟನ್ನು ಒಬ್ಬ ನೆಕ್ಕಿಯೂ ನೋಡಿದ. ಮೇಡಮ್ ಮಾತ್ರ ನಗಲಿಲ್ಲ. ಅನುಮತಿಯಿಲ್ಲದೆ ಔಷಧ ಹಂಚುವುದು ಎಂಥ ಅಪರಾಧವೆಂದು ಜೋರಾಗಿ ಹೇಳತೊಡಗಿದರು. ಬಸವಣ್ಣೆವ್ವನ ಕೈ ನಿಧಾನವಾಗಿ ಚೀಲದ ಹಿಡಿಕೆಯ ಮೇಲೆ ಹೋಯಿತು.

ಸಾಲಿನ ಮೊದಲಿಗೆ ಸರೋಜಮ್ಮ ಎಂಬ ವೃದ್ಧೆ ನಿಂತಿದ್ದರು. ಕಿವಿ ಅಷ್ಟಕ್ಕಷ್ಟೆ, ಗದರಿಕೆ ಅವರಿಗೆ ಮುಟ್ಟಿರಲಿಲ್ಲ. ತಮ್ಮ ಸರದಿ ಬಂತೆಂದು ಅವರು ವೇದಿಕೆ ಹತ್ತಿ, ಚೀಲವನ್ನು ಕಣ್ಣಿಗೊತ್ತಿಕೊಂಡು, ಮೇಜಿನ ಮೇಲೆ ಬೋರಲು ಹಾಕಿದರು. ಅರ್ಧ ಬಳಸಿದ ಇನ್ಸುಲಿನ್ ಸೀಸೆಗಳು, ಸೂಜಿಗಳು, ಗುಳಿಗೆಯ ಪಟ್ಟಿಗಳು ಉರುಳಿದವು.

"ಅವರು ಹೋದ ಮ್ಯಾಲ ಒಗೀಲಿಕ್ಕೆ ಮನಸ ಬರಲಿಲ್ಲಪ್ಪ" ಎಂದರು. "ದಾಸೋಹ ಅದ ಅಂದ್ರು. ತಂದು ಒಪ್ಪಿಸಿದೆ."

ಅವರ ಹಿಂದಿನವರು ಚೀಲ ಬಿಚ್ಚಿದರು. ಅವರ ಹಿಂದಿನವರೂ ಬಿಚ್ಚಿದರು. ರೊಟ್ಟಿಯ ದಾಸೋಹಕ್ಕೆ ಮನೆಯಿಂದ ರೊಟ್ಟಿ ಒಯ್ಯುವವರು ಔಷಧದ ದಾಸೋಹಕ್ಕೆ ಬರಿಗೈಯಲ್ಲಿ ಬರುತ್ತಾರೆಯೇ? ಕಪಾಟಿನ ಮೇಲಿನದು, ಫ್ರಿಜ್ಜಿನ ಬಾಗಿಲಿನದು, ದೇವರ ಜಗುಲಿಯ ಹಿಂದಿನದು, ಎಲ್ಲ ಬಂದಿತ್ತು. ಮುಗಿಯದ ಕೆಮ್ಮಿನ ಸಿರಪ್ಪುಗಳು, ತೆರೆದ ಇಂಜೆಕ್ಷನ್ ಸೀಸೆಗಳು, ಮಕ್ಕಳು ಚಿಕ್ಕವರಿದ್ದಾಗ ತಂದು ಈಗ ಆ ಮಕ್ಕಳಿಗೇ ಮೀಸೆ ಬಂದಿದ್ದರೂ ಇಟ್ಟುಕೊಂಡಿದ್ದ ಜ್ವರದ ಹನಿಗಳು. ಬೇಡಲು ಬಂದಿದ್ದವರೂ ತಂದಿದ್ದರು. ಸುಂದರ ಅಡುಗೆ ಭಟ್ಟರ ಸೊಂಟದ ಮುಲಾಮಿನ ಡಬ್ಬಿಗಳನ್ನು ಹಿಟ್ಟಿನ ಬಕೇಟಿನಲ್ಲಿ ಹೊತ್ತು ತಂದಿದ್ದ. ಬಿಳಿ ಬಟ್ಟೆ ಕಾಣದಾಯಿತು. ಮೇಜು ಸಾಲದೆ ವೇದಿಕೆಯ ಮೇಲೆ ಸುರಿದರು.

ವರದಾ ಮೇಡಮ್ ಮಾತು ನಿಲ್ಲಿಸಿದ್ದರು. ಒಪ್ಪಿಸಿದವರು ಈಗ ಪಂಕ್ತಿಯಲ್ಲಿ ಕುಳಿತು, ಪ್ರಸಾದ ನೀಡುವುದು ಯಾವಾಗ ಎಂದು ವೇದಿಕೆಯತ್ತ ನೋಡತೊಡಗಿದರು. ನಿವೃತ್ತ ಗುಮಾಸ್ತರು ತೋಳು ಮಡಚಿ ಮೊದಲ ಮಣೆಯಲ್ಲೇ ಕುಳಿತಿದ್ದರು. ಸಿದ್ದಾರೂಢ ಆ ರಾಶಿಯನ್ನು ನೋಡಿದ, ಆ ತೋಳನ್ನು ನೋಡಿದ. ಮೀಸೆ, ಯಾಲಕ್ಕಿ ಎಲ್ಲ ಮರೆತುಹೋದವು. ಅವನ ಬಾಯಿಂದ ಬಹಳ ದಿನಗಳಿಂದ ಹೊರಡದಿದ್ದ ಮಾತು ತಾನಾಗಿ ಹೊರಟಿತು.

"ಕೇಳ್ರಿ. ನನ್ನ ಕಡೆ ಔಷಧ ಇಲ್ಲ, ಎಂದೂ ಇದ್ದಿದ್ದಿಲ್ಲ. ನಾ ಡಾಕ್ಟರ್ ಅಲ್ಲ. ಅವರು ಚೆಲ್ಲತಾರ, ನಾ ಗುರುತು ಹಾಕತೀನಿ, ಅಷ್ಟ. ಅವತ್ತು ಎದಿ ಮುಟ್ಟಿಕೊಂಡಿದ್ದು ಹುಗ್ಗಿ ಸುಟ್ಟಿದ್ದಕ್ಕ. ಇದರಾಗಿಂದು ಒಂದು ಹನೀನೂ ಯಾರಿಗೂ ನೀಡಂಗಿಲ್ಲ. ಒಬ್ಬರಿಗಂತ ತೆರೆದದ್ದು ಇನ್ನೊಬ್ಬರ ಮೈಯಾಗ ಹೋಗಬಾರದು. ಅದಕ್ಕ ಅವರು ಚೆಲ್ಲತಾರ."

ಫಕೀರಪ್ಪನವರು ಜೀವನದಲ್ಲಿ ಮೊದಲ ಸಲ ಮಾತನ್ನು ಮಡಚಿಟ್ಟು ನಿಂತರು. ಎಲ್ಲರೂ ಬಸವಣ್ಣೆವ್ವನತ್ತ ತಿರುಗಿದರು. ಅವರು ಎದ್ದರು. ಚೀಲವನ್ನೂ ಎತ್ತಿಕೊಂಡರು. ಮಾಧುರಿ ಕಣ್ಣು ಮುಚ್ಚಿಕೊಂಡಳು.

"ಅಂದ್ರ ಅದು ಎಂಜಲ?" ಎಂದು ಕೇಳಿದರು ಬಸವಣ್ಣೆವ್ವ.

ಸಿದ್ದಾರೂಢ ಯೋಚಿಸಿದ. ಅವನ ಕಂಪನಿಯವರು ತಿಂಗಳುಗಟ್ಟಲೆ ತರಬೇತಿ ಕೊಟ್ಟು ಕಲಿಸಿದ್ದರಲ್ಲಿ ಆ ಶಬ್ದವಿರಲಿಲ್ಲ. ಇದ್ದಿದ್ದರೆ ತರಬೇತಿ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು. "ಹೌದ್ರಿ ಅತ್ತಿಯಾರ, ಎಂಜಲ" ಎಂದ.

ಬಸವಣ್ಣೆವ್ವ ಚೀಲವನ್ನು ಮಗಳ ಕೈಗೆ ಕೊಟ್ಟು ಸಭೆಯತ್ತ ತಿರುಗಿದರು. "ಕೇಳಿದ್ರಿಲ್ಲ? ಎಂಜಲ ನೀಡೂದು ದಾಸೋಹ ಅಲ್ಲ. ಅದಕ್ಕ ನನ್ನ ಅಳಿಯ ಇಷ್ಟ ದಿನ ಒಬ್ಬರಿಗೂ ಕೊಟ್ಟಿಲ್ಲ. ನಾನು ಏನ ಹೇಳಿದ್ದೆ? ಉಳಿದ ಔಷಧದ ದಾಸೋಹ ಆಗ್ತದ ಅಂದಿದ್ದೆ. ಉಳಿದ ಔಷಧ ಬಂದಾವೋ ಇಲ್ಲೋ?"

ಬಂದಿದ್ದವು. ರಾಶಿಯೇ ಸಾಕ್ಷಿ. ಗುಮಾಸ್ತರು ಮಡಚಿದ ತೋಳನ್ನು ಸದ್ದಿಲ್ಲದೆ ಇಳಿಸಿಕೊಂಡರು. ಎಂಜಲು ಎಂದ ಮೇಲೆ ಅಲ್ಲಿ ಕುಳಿತ ಒಬ್ಬರಿಗೂ ಔಷಧ ಬೇಡವಾಯಿತು. ಕಾನೂನು, ಕಲಮು ಎಂದು ಮೇಡಮ್ ಇಡೀ ವರ್ಷ ಭಾಷಣ ಮಾಡಿದ್ದರೂ ಇಷ್ಟಾಗುತ್ತಿರಲಿಲ್ಲ.

ಹಾಗೆಂದು ನಾವು ಹೇಳುತ್ತಿಲ್ಲ, ಸುಂದರ ಎಲ್ಲವನ್ನೂ ಮರಾಠಿಯಲ್ಲಿ ತಿಳಿಸಿದ ಮೇಲೆ ಮೇಡಮ್ಮೇ ಹೇಳಿದರು. ಮನೆಗಳಲ್ಲಿ ಉಳಿದ ಹಳೆಯ ಔಷಧವನ್ನು ಜನ ಕಸಕ್ಕೂ ಬಚ್ಚಲಿಗೂ ಹಾಕದಿರಲಿ ಎಂದು ಅವರು ತಮ್ಮ ಕಚೇರಿಯ ಬಾಗಿಲಲ್ಲಿ ಒಂದು ಹಳದಿ ಪೆಟ್ಟಿಗೆ ಇಡಿಸಿದ್ದರಂತೆ. ಇಷ್ಟು ದಿನಕ್ಕೆ ಅದರಲ್ಲಿ ಬಿದ್ದದ್ದು ಒಂದು ಮದುವೆಯ ಪತ್ರಿಕೆ ಮತ್ತು ಯಾರದೋ ಡಬ್ಬಿಯ ಮುಚ್ಚಳ. ಈಗ ಅವರು ಆ ರಾಶಿಯ ಸುತ್ತ ಪ್ರದಕ್ಷಿಣೆ ಬಂದಂತೆ ನಡೆದರು. ಹಂಚಿದ್ದರೆ ಹಿಡಿದೊಯ್ಯುತ್ತಿದ್ದೆ, ಕೂಡಿಸಿದ್ದೀರಿ, ನಾನೇನು ಮಾಡಲಿ ಎಂದು ಮರಾಠಿಯಲ್ಲಿ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಫಕೀರಪ್ಪನವರ ಕೈಯಿಂದ ಹಾರ ತೆಗೆದುಕೊಂಡು ಸಿದ್ದಾರೂಢನ ಕೊರಳಿಗೆ ಹಾಕಿ, ಸಹಾಯಕನಿಂದ ಫೋಟೋ ತೆಗೆಸಿದರು. ಬ್ಯಾನರಿನಲ್ಲಿ 'ಡಾ.' ಇಲ್ಲದ್ದನ್ನು ಗಮನಿಸಿ, ಈ ಕಾಲದಲ್ಲೂ ಇಂಥವರಿದ್ದಾರೆಯೇ ಎಂದು ಬೆರಗಾದರು.

ಆದರೆ ಹೆಸರಿಲ್ಲದ ರಾಶಿಯನ್ನು ಜೀಪಿಗೆ ಹಾಕುವಂತಿರಲಿಲ್ಲ. ಏನು ಬಂತು, ಎಷ್ಟು ಉಳಿದಿದೆ ಎಂದು ಬರೆದುಕೊಳ್ಳಬೇಕು. ಯಾರು ಬರೆಯುತ್ತೀರಿ ಎಂದು ಮೇಡಮ್ ಸುತ್ತ ನೋಡಿದರು.

"ಇದೇನ್ ಕೇಳೂ ಮಾತ?" ಎಂದರು ಬಸವಣ್ಣೆವ್ವ. "ಅಮೇರಿಕಾದವರು ಇದಕ್ಕಂತನ ಇವರನ್ನ ಇಟಗೊಂಡಾರ."

ಸಿದ್ದಾರೂಢ ಹಾರ ಸರಿಸಿ ಕುಳಿತ. ಸೀಸೆಯನ್ನು ಬೆಳಕಿಗೆ ಹಿಡಿದು ಉಳಿದದ್ದನ್ನು ಕೂಗಿ ಹೇಳುವುದು, ಗುರುತು ಹಾಕುವುದು, ಮುಂದಿನದು. ಅಮೇರಿಕದಲ್ಲಿ ಯಾರೂ ನೋಡದ ಅವನ ಕೆಲಸವನ್ನು ಚಿಂಚವಾಡದ ಜನ ಹರಿಕಥೆಗೆ ಕುಳಿತಂತೆ ಕುಳಿತು ನೋಡಿದರು. ನಡುವೆ ಒಂದು ಪೂರ್ತಿ ಖಾಲಿಯಾದ ಸಿರಪ್ಪಿನ ಬಾಟ್ಲಿ ಬಂತು. "ಏನೂ ಉಳಿದಿಲ್ಲ" ಎಂದು ಅವನು ಕೂಗಿದಾಗ ಸಭೆ ಚಪ್ಪಾಳೆ ತಟ್ಟಿತು; ತಂದವರು ಎದ್ದು ನಿಂತು ನಮಸ್ಕರಿಸಿದರು. ಸಂಜೆಗೆ ಜೀಪು ತುಂಬಿ ಹೊರಟಿತು. ಅವನನ್ನು ಕೂರಿಸಿಕೊಂಡು ಹೋಗಲು ಬಂದ ಜೀಪಿನಲ್ಲಿ ಅವನಿಗೆ ಜಾಗವೇ ಉಳಿದಿರಲಿಲ್ಲ.

ಎಲ್ಲರೂ ಉಂಡ ಮೇಲೆ ಮನೆಯವರು ಕುಳಿತರು. ಫಕೀರಪ್ಪನವರು ತಾವೇ ಸೌಟು ಹಿಡಿದು ಬಡಿಸಿ, ಹುಗ್ಗಿ ಆರಿದೆ ಎಂದು ಸಿದ್ದಾರೂಢನಿಗೆ ಆಣೆ ಮಾಡಿ ಹೇಳಿದರು. ಬಸವಣ್ಣೆವ್ವನ ಚೀಲ ಮಗಳ ತೊಡೆಯ ಮೇಲಿತ್ತು. ಅದರ ಗಂಟನ್ನು ಮಾಧುರಿ ಆಗಲೇ ಬಿಚ್ಚಿಬಿಟ್ಟಿದ್ದಳು.

ಬಸವಣ್ಣೆವ್ವ ನಿಧಾನವಾಗಿ ಉಂಡರು. ಕೊನೆಯ ಅಗುಳನ್ನು ಬೆರಳಿನಿಂದ ತೆಗೆದುಕೊಂಡರು. ತಾಟಿಗೆ ನೀರು ಹಾಕಿ, ತೊಳೆದು, ಕಣ್ಣು ಮುಚ್ಚಿ ಕುಡಿದರು. ಆಮೇಲೆ ಹೊಳೆಯುವ ಆ ತಾಟನ್ನು ಅಳಿಯನ ಕಡೆಗೆ ತಿರುಗಿಸಿ ಹಿಡಿದರು.

"ಬರಕೊಳ್ರಿ ಅಳಿಯಾರ" ಎಂದರು. "ಇಲ್ಲಾಂದ್ರ ಅವರು ನಂಬಂಗಿಲ್ಲ."